ಉಡುಪಿ ಸೀಮೆಯ ತೋಡುಗಳು: ನೀರಿನ ಸ್ವಾಸ್ಥ್ಯವನ್ನು ಅಳೆದ ಬಗೆಗಳು

ಕರಾವಳಿಯ ಬಳಕೆಯಲ್ಲಿ ತೋಡು ಎಂದರೆ ಹೊಳೆಗಿಂತ ಕಿರಿದಾದ ಹರಿವು. ಕಾರ್ಕಳ ತಾಲೂಕಿನ ಮಾಳದ ಘಟ್ಟದ ತಪ್ಪಲಿನಿಂದ ಇಳಿಯುವ ಇಂತಹ ಹಲವಾರು ತೋಡುಗಳು ಸ್ವರ್ಣಾ ನದಿಯನ್ನು ತುಂಬುತ್ತವೆ. ಮಣಿಪಾಲದ ಮುರಕಲ್ಲಿನ ಗುಡ್ಡದ ಪಶ್ಚಿಮ ಮಗ್ಗುಲಿನ ಇಂದ್ರಾಣಿ ಉಡುಪಿ ಪೇಟೆಯನ್ನು ಹಾದು ಕಲ್ಮಾಡಿಯ ಕಡೆಗೆ ಸಾಗುತ್ತದೆ. ಕಾಪು ಪರಿಸರದ ತೋಡುಗಳ ಓಟ ಚಿಕ್ಕದು. ಅವು ಬೇಗನೆ ಹಿನ್ನೀರಿನ ಉಪ್ಪಿಗೆ ಸಿಲುಕುತ್ತವೆ. ಈ ಸೀಮೆಯ ಬಸದಿ, ಬಂದರು, ಅರಸುಮನೆತನಗಳ ಚರಿತ್ರೆಗೆ ದೊರೆತ ಗಮನ ತೋಡುಗಳಿಗೆ ದೊರೆತಿಲ್ಲ.

ಹಾಗೆಂದು ದಾಖಲೆಗಳು ಇಲ್ಲವೆಂದಲ್ಲ. 1894ರಲ್ಲಿ ಮದ್ರಾಸು ಸರ್ಕಾರಕ್ಕಾಗಿ ಜೆ. ಸ್ಟರಕ್ ಸಿದ್ಧಪಡಿಸಿದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯಲ್ಲಿ ಕಾಣುವ ಬೈಲು, ಮಜಲು, ಬೆಟ್ಟು ಎಂಬ ಭೂವಿಂಗಡಣೆಯನ್ನು ಸಾಮಾನ್ಯವಾಗಿ ಕಂದಾಯದ ದೃಷ್ಟಿಯಿಂದಲೇ ಓದಲಾಗುತ್ತದೆ. ವಾಸ್ತವವಾಗಿ ಅದು ನೀರಿನ ವಿಂಗಡಣೆಯೂ ಹೌದು. ಮಳೆಯನ್ನೇ ನಂಬಿದ ಬೆಟ್ಟುಗದ್ದೆಗೆ ಏಣೆಲು ಒಂದೇ ಬೆಳೆ. ತೋಡಿನ ಮಗ್ಗುಲಿನ ಬೈಲುಗದ್ದೆಗೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು. ಒಂದು ಬೈಲಿನಲ್ಲಿ ಕೊಳಕೆ ಬೆಳೆಯುತ್ತಿತ್ತೆಂದರೆ ಬೇಸಿಗೆಯ ನಡುವಿನಲ್ಲಿಯೂ ಅಲ್ಲಿನ ತೋಡು ಬತ್ತುತ್ತಿರಲಿಲ್ಲವೆಂದೇ ಅರ್ಥ. ಮಳೆಗಾಲ ಕಳೆದ ಮೇಲೆ ಕಲ್ಲು, ಮಣ್ಣು, ಸೊಪ್ಪುಗಳಿಂದ ಊರವರು ಕೂಡಿ ಹಾಕುತ್ತಿದ್ದ ಕಟ್ಟಗಳು ಈ ಅವಧಿಯನ್ನು ಇನ್ನಷ್ಟು ಹಿಗ್ಗಿಸುತ್ತಿದ್ದವು. ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದೇ ಅಂದಿನ ಅಳತೆ. ಅದು ಶುದ್ಧವೇ ಎಂದು ಕೇಳುವ ಅಗತ್ಯ ಕೃಷಿಕನಿಗೆ ಬಂದಿರಲಿಲ್ಲ.

ಎರಡನೆಯ ಅಳತೆ ಹೊರಗಿನಿಂದ ಬಂದುದು. ಕೊಳಚೆಯ ವಿಲೇವಾರಿ ಕುರಿತ ಬ್ರಿಟಿಷ್ ರಾಯಲ್ ಕಮಿಷನ್ 1912ರ ತನ್ನ ಎಂಟನೆಯ ವರದಿಯಲ್ಲಿ, ನೀರಿನ ಮಾಲಿನ್ಯವನ್ನು ಐದು ದಿನಗಳಲ್ಲಿ ಅದು ಹೀರುವ ಆಮ್ಲಜನಕದಿಂದ ಅಳೆಯುವ ಕ್ರಮವನ್ನು ನೆಲೆಗೊಳಿಸಿತು. ಅಲ್ಲಿನ ನದಿಗಳು ಸಮುದ್ರ ಸೇರಲು ಅದಕ್ಕಿಂತ ಹೆಚ್ಚು ಕಾಲ ಬೇಕಿಲ್ಲವೆಂಬುದು ಐದು ದಿನಗಳ ಹಿಂದಿನ ತರ್ಕವೆನ್ನುತ್ತಾರೆ. ಉಷ್ಣದೇಶಕ್ಕೆ ಈ ಲೆಕ್ಕ ಹೊಂದುವುದಿಲ್ಲವೆಂದು ಭಾರತೀಯ ಮಾನಕ ಸಂಸ್ಥೆ 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನಗಳ ಪರೀಕ್ಷೆಯನ್ನು ವಿಧಿಸಿದ್ದು 1993ರಲ್ಲಿ. ಈ ನಡುವೆ 1974ರ ಜಲಮಾಲಿನ್ಯ ಕಾಯಿದೆ ಜಾರಿಗೆ ಬಂದು, ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೂ ಸ್ಥಾಪನೆಯಾಗಿತ್ತು. ಸ್ನಾನಯೋಗ್ಯ ನೀರಿನಲ್ಲಿ ಈ ಆಮ್ಲಜನಕ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಆದರೆ ಸೀಸೆಯಲ್ಲಿ ತುಂಬಿದ ನೀರು ಆ ಗಳಿಗೆಯ ಸಾಕ್ಷಿ ಮಾತ್ರ. ಹಿಂದಿನ ರಾತ್ರಿ ಹರಿದುಹೋದುದನ್ನು ಅದು ಹೇಳಲಾರದು.

ಆ ಕೊರತೆಯನ್ನು ತುಂಬುವುದು ತೋಡಿನ ಜೀವಿಗಳು. 1908–09ರಲ್ಲಿಯೇ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸೋನ್ ಜೀವಿಗಳನ್ನು ಆಧರಿಸಿ ನೀರಿನ ದರ್ಜೆಯನ್ನು ಗುರುತಿಸಿದ್ದರು. ಪಶ್ಚಿಮಘಟ್ಟದ ತೊರೆಗಳ ಕೀಟಗಳನ್ನು ಅಭ್ಯಸಿಸಿದ ಕೆ. ಎ. ಸುಬ್ರಮಣಿಯನ್ ಮತ್ತು ಕೆ. ಜಿ. ಶಿವರಾಮಕೃಷ್ಣನ್ ಅವರ ಕೈಪಿಡಿಯೊಂದು 2007ರಲ್ಲಿ ಬೆಂಗಳೂರಿನಿಂದ ಪ್ರಕಟವಾಯಿತು. ವಿಧಾನ ಸರಳ: ಹರಿಯುವ ನೀರಿನ ಕಲ್ಲನ್ನು ಎತ್ತಿ ಅಡಿಮಗ್ಗುಲನ್ನು ನೋಡುವುದು. ಸ್ಟೋನ್‌ಫ್ಲೈ, ಮೇಫ್ಲೈಗಳ ಮರಿಗಳು ಹೆಚ್ಚಿನ ಬಗೆಗಳಲ್ಲಿ ಕಂಡರೆ ಆಮ್ಲಜನಕ ತಿಂಗಳುಗಟ್ಟಲೆ ಕುಂದಿಲ್ಲವೆಂದು ತಿಳಿಯಬಹುದು. ಕೈರೋನೊಮಸ್ ಎಂಬ ನೊಣಜಾತಿಯ ಕೆಂಪು ಹುಳುಗಳಷ್ಟೇ ಉಳಿದಿದ್ದರೆ ಅಲ್ಲಿಗೆ ಕೊಳಚೆ ಸೇರಿದೆಯೆಂಬ ಶಂಕೆ ಬಲವಾಗುತ್ತದೆ. ಆಮ್ಲಜನಕ ಕಡಿಮೆಯಾದಲ್ಲಿಯೂ ಬದುಕಲು ಅವುಗಳ ದೇಹದ ಹಿಮೋಗ್ಲೋಬಿನ್ ನೆರವಾಗುತ್ತದೆ.

ಈ ಅಳತೆಯನ್ನೂ ವಿವೇಚನೆಯಿಲ್ಲದೆ ಬಳಸುವಂತಿಲ್ಲ. ಆಷಾಢದ ನೆರೆ ಮಾಳದ ಸ್ವಚ್ಛ ತೋಡಿನ ಕೀಟಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕಾಪುವಿನ ಭರತದ ನೀರು ಏರುವಲ್ಲಿ ಸಿಹಿನೀರಿನ ಕೀಟಗಳು ಇಲ್ಲದಿರುವುದಕ್ಕೆ ಉಪ್ಪೇ ಸಾಕಾದ ಕಾರಣ. ಅಲ್ಲಿ ಮಾಲಿನ್ಯವೆಂದು ತೀರ್ಪು ಕೊಡುವುದು ಅವಸರವಾಗುತ್ತದೆ.

ಮೂರೂ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಲೇಬೇಕಾದ ಸ್ಥಳ ಇಂದ್ರಾಣಿ. ಅದರ ದಾರಿಯ ಊರ ಹೆಸರುಗಳೇ ಹಳೆಯ ಚಿತ್ರವನ್ನು ಉಳಿಸಿಕೊಂಡಿವೆ: ಕಲ್ಸಂಕ ಕಲ್ಲಿನ ಸಂಕವನ್ನು, ಬೈಲಕೆರೆ ಬೈಲನ್ನೂ ಕೆರೆಯನ್ನೂ, ಮಠದಬೆಟ್ಟು ಬೆಟ್ಟುಗದ್ದೆಯನ್ನು ನೆನಪಿಸುತ್ತವೆ. ಬಜೆ ಅಣೆಕಟ್ಟಿನಲ್ಲಿ ತಡೆದ ಸ್ವರ್ಣೆಯ ನೀರು ಉಡುಪಿ, ಮಣಿಪಾಲಗಳ ಮನೆಗಳಲ್ಲಿ ಬಳಕೆಯಾದ ಮೇಲೆ ಅದರ ಒಂದು ಪಾಲು ಇಂದ್ರಾಣಿಗೆ ಇಳಿಯುತ್ತದೆ. ಹೀಗಾಗಿ ಕಾರ್ಕಳದ ತೋಡುಗಳ ನೀರೇ ಕೊಳಚೆಯಾಗಿ ಇಲ್ಲಿ ಬೇಸಿಗೆಯಲ್ಲಿಯೂ ಹರಿಯುತ್ತಿರುತ್ತದೆ. ಬೈಲು–ಬೆಟ್ಟುಗಳ ಕಾಲದ ಅಳತೆಯಿಂದ ನೋಡಿದರೆ ಇದು ಬತ್ತದ, ಮೂರು ಬೆಳೆಗೆ ಒದಗುವ ತೋಡು! ಸೂಕ್ಷ್ಮರಂಧ್ರಗಳ ಮುರಕಲ್ಲಿನ ನೆಲದಲ್ಲಿ ತೋಡಿನ ನೀರಿಗೂ ಬಾವಿಯ ನೀರಿಗೂ ನಡುವೆ ಗೋಡೆಯಿಲ್ಲ. ದಡದ ಮನೆಗಳವರು ತಮ್ಮ ಬಾವಿಗಳು ಕೆಟ್ಟವೆಂದು ದೂರುತ್ತ ಬಂದಿದ್ದಾರೆ; ತೋಡಿನ ಪರೀಕ್ಷೆಯ ಜೊತೆಗೆ ಆ ಬಾವಿಗಳ ನೀರನ್ನೂ ಋತುವಿಗೊಮ್ಮೆ ದಾಖಲಿಸುವ ಕೆಲಸ ನಡೆಯಬೇಕಾಗಿದೆ.