ಪಟ್ಟಿಯಲ್ಲಿ ಇಲ್ಲದ ಗಂಧ

ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿದರೆ ದಿನಾ ಹಲಸೂರು ದಾಟೇ ಆಫೀಸಿಗೆ ಹೋಗಬೇಕು. ಅಲ್ಲಿನ ಕೆರೆಯ ಹತ್ತಿರ ತಿರುವಳ್ಳುವರ್ ಪ್ರತಿಮೆ ಇದೆ. 1991ರಿಂದ ಮುಸುಕು ಹೊದ್ದು ನಿಂತಿದ್ದ ಅದರ ಅನಾವರಣ ಆಗಿದ್ದು 2009ರಲ್ಲಿ. ನಡುವೆ ಒಮ್ಮೆ ಅದು ಗಂಧದ ಕಳ್ಳನೊಬ್ಬನ ಬೇಡಿಕೆ ಪಟ್ಟಿಗೂ ಸೇರಿತ್ತು ಅಂತ ಗೊತ್ತಾದಾಗ ನನಗೆ ಆಶ್ಚರ್ಯ ಆಯ್ತು.

2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಬೆಂಗಳೂರು ಸ್ತಬ್ಧವಾಯಿತು. ಆನೆದಂತ, ಗಂಧ ಮಾರಿ ಬೆಳೆದವನು ಕೇಳಿದ್ದೇನು? ಕಾವೇರಿ ನೀರು, ತಮಿಳಿಗೆ ಆಡಳಿತ ಭಾಷೆಯ ಸ್ಥಾನ, ಟೀ ತೋಟದವರಿಗೆ ಕೂಲಿ, ಟಾಡಾ ಕೈದಿಗಳ ಬಿಡುಗಡೆ. ಜೊತೆಗಿದ್ದ ತಮಿಳು ಉಗ್ರವಾದಿಗಳು ಅವನಿಗೆ ರಾಜಕೀಯ ಕೊಟ್ಟರು, ಅವನು ಅವರಿಗೆ ಕಾಡು ಕೊಟ್ಟ. ಹತ್ತು ಬೇಡಿಕೆಗಳಲ್ಲಿ ಗಂಧದ ಸುದ್ದಿಯೇ ಇಲ್ಲ.

ಬೇಡಿಕೆಗಳೆಲ್ಲ ಪೊಳ್ಳು ಅಂತಲೂ ಅಲ್ಲ. 2001ರಲ್ಲಿ ಟಾಡಾ ಕೋರ್ಟು ಆರೋಪಿಗಳಲ್ಲಿ ಹೆಚ್ಚಿನವರನ್ನು ಖುಲಾಸೆ ಮಾಡಿತು. ಆದರೆ ಬಡವರ ನ್ಯಾಯವಾದ ದೂರು ಕಳ್ಳಸಾಗಣೆದಾರನ ಬಾಯಿಂದ ಬಂದರೆ ದೂರೂ ಕೆಡುತ್ತೆ, ಸಂಧಾನವೂ ಕೆಡುತ್ತೆ. ಸರ್ಕಾರ ಟಾಡಾ ಆರೋಪ ಕೈಬಿಡಲು ಹೊರಟಾಗ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. ಅವರ ಮಗ, ಎಸ್‌ಐ ಶಕೀಲ್ ಅಹಮದ್, 1992ರಲ್ಲಿ ವೀರಪ್ಪನ್ ತಂಡಕ್ಕೆ ಬಲಿಯಾಗಿದ್ದರು. ಸಂಧಾನದಲ್ಲಿ ಯಾರೂ ಕೇಳದಿದ್ದ ಆ ತಂದೆಯ ಮಾತನ್ನು ಕೋರ್ಟು ಕೇಳಿತು. ನವೆಂಬರ್ 7ರಂದು ಸರ್ಕಾರದ ನಡೆ ರದ್ದಾಯಿತು.

108 ದಿನದ ಮೇಲೆ ಅಣ್ಣಾವ್ರು ಮನೆಗೆ ಬಂದರು, ನಾಡು ನಿಟ್ಟುಸಿರು ಬಿಟ್ಟಿತು. ಕೋಟಿಗಟ್ಟಲೆ ಹಣ ಸಂದಾಯವಾಗಿದೆ ಅಂತ ಆಗ ಡಿಜಿಪಿ ಆಗಿದ್ದ ಸಿ. ದಿನಕರ್ ಆಮೇಲೆ ಪುಸ್ತಕವನ್ನೇ ಬರೆದರು. ಸರ್ಕಾರ ಅಲ್ಲಗಳೆಯಿತು. ಹಣದ ಮಾತು ಏನೇ ಇರಲಿ, ವೀರಪ್ಪನ್ ಕಸುಬು ನಿಲ್ಲಲಿಲ್ಲ. 2002ರ ಆಗಸ್ಟ್‌ನಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಎತ್ತಿಕೊಂಡು ಹೋದ. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಅವರ ಶವ.

ಕೊಲಂಬಿಯಾದ ಕಥೆ ಇದಕ್ಕೆ ತಿರುವುಮುರುವು. ಅಲ್ಲಿನ ಫಾರ್ಕ್ 1964ರಲ್ಲಿ ಹುಟ್ಟಿದ್ದೇ ರಾಜಕೀಯವಾಗಿ, ಕೊಕೇನ್ ದುಡ್ಡು ಬಂದಿದ್ದು ಆಮೇಲೆ. ಆದರೆ 2012ರಲ್ಲಿ ಹವಾನಾದಲ್ಲಿ ಮಾತುಕತೆಗೆ ಕೂತಾಗ ಆರು ವಿಷಯಗಳಲ್ಲಿ ಮಾದಕ ದ್ರವ್ಯವೂ ಒಂದಾಗಿತ್ತು. ಫಾರ್ಕ್ ಆ ದಂಧೆ ಬಿಡಬೇಕು, ಕೋಕಾ ಬೆಳೆಯೋ ರೈತನಿಗೆ ಬೇರೆ ದಾರಿ ಆಗಬೇಕು ಅಂತ ಒಪ್ಪಂದವಾಯಿತು. ನೊಂದವರ 60 ಜನ ಪ್ರತಿನಿಧಿಗಳೂ ಅಲ್ಲಿ ಮಾತಾಡಿದರು. ಅದೂ ಪೂರ್ತಿ ಗೆಲ್ಲಲಿಲ್ಲ. ಫಾರ್ಕ್ ಬಿಟ್ಟ ಜಾಗಕ್ಕೆ ಬೇರೆ ಗುಂಪುಗಳು ನುಗ್ಗಿದವು. ಆದರೂ ಅನ್ನದ ಮೂಲ ಯಾವುದು ಅನ್ನೋದನ್ನು ಅವರು ಮುಚ್ಚಿಡಲಿಲ್ಲ.

ನಮ್ಮಲ್ಲಿ ಆ ಮಾತು ಸಂಧಾನಕ್ಕೆ ಬರಲೇ ಇಲ್ಲ. ಕೊನೆಗೆ 2004ರ ಅಕ್ಟೋಬರ್ 18ರಂದು ಪೊಲೀಸರ ಗುಂಡೇ ಕಥೆ ಮುಗಿಸಿತು.