ಓಪಸ್ ದೇಯಿ

ಸ್ಪೇನಿನ ಪಾದ್ರಿ ಹೊಸೆಮರಿಯಾ ಎಸ್ಕ್ರಿವಾ 1928ರ ಅಕ್ಟೋಬರ್ 2ರಂದು ಮ್ಯಾಡ್ರಿಡ್‌ನಲ್ಲಿ ಸ್ಥಾಪಿಸಿದ ಕ್ಯಾಥೊಲಿಕ್ ಸಂಸ್ಥೆ. ದಿನನಿತ್ಯದ ದುಡಿಮೆಯಿಂದಲೇ ಪಾವಿತ್ರ್ಯ ಸಾಧ್ಯವೆಂಬುದು ಇದರ ತಿರುಳು. 1982ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇದಕ್ಕೆ ಚರ್ಚಿನೊಳಗೆ ವಿಶೇಷ ಸ್ಥಾನಮಾನ ಕೊಟ್ಟರು. 2002ರಲ್ಲಿ ಎಸ್ಕ್ರಿವಾರನ್ನು ಸಂತರೆಂದು ಘೋಷಿಸಿದರು.

ಸದಸ್ಯರಲ್ಲಿ ಬಹುಪಾಲು ಸಂಸಾರಸ್ಥರಾದ 'ಸೂಪರ್‌ನ್ಯೂಮರರಿ'ಗಳು. ವಿವಾದಕ್ಕೆ ಹೆಚ್ಚು ಗುರಿಯಾಗಿರುವುದು ಅವಿವಾಹಿತ 'ನ್ಯೂಮರರಿ'ಗಳ ಬದುಕು. ಇವರು ಸಾಮಾನ್ಯವಾಗಿ ಸಂಸ್ಥೆಯ ಕೇಂದ್ರಗಳಲ್ಲಿ ವಾಸಿಸುತ್ತಾರೆ; ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೇಂದ್ರಗಳಿವೆ. ಹೊರಗೆ ವೈದ್ಯರೋ ವಕೀಲರೋ ಆಗಿ ದುಡಿದು, ಮನೆಖರ್ಚು ಕಳೆದು ಉಳಿದ ಸಂಬಳವನ್ನು ಸಂಸ್ಥೆಗೆ ಒಪ್ಪಿಸುತ್ತಾರೆ. ದಿನವೂ ಬಲಿಪೂಜೆ, ಧ್ಯಾನ, ಜಪಸರ. ಜೊತೆಗೆ ಮೇಲ್ವಿಚಾರಕರೆದುರು ನಿಯಮಿತವಾಗಿ ಮನಬಿಚ್ಚಿ ಹೇಳಿಕೊಳ್ಳುವ ರೂಢಿ. ತೊಡೆಗೆ ಮುಳ್ಳಿನ ಸರಪಳಿ ಕಟ್ಟಿಕೊಳ್ಳುವ ದೇಹದಂಡನೆಯೂ ಉಂಟು. 'ದ ಡಾ ವಿಂಚಿ ಕೋಡ್' ಕಾದಂಬರಿ ಇದನ್ನೇ ಹಿಗ್ಗಿಸಿ ತೋರಿಸಿತು. ಆದರೆ ಅದರಲ್ಲಿ ಬರುವಂಥ ಸನ್ಯಾಸಿಗಳು ಈ ಸಂಸ್ಥೆಯಲ್ಲಿಲ್ಲ.

ಮಾಜಿ ಸದಸ್ಯರ ಆರೋಪಗಳು ಇದಕ್ಕಿಂತ ಗಂಭೀರ: ಎಳೆವಯಸ್ಸಿನವರ ಸೇರ್ಪಡೆ, ಕುಟುಂಬದಿಂದ ದೂರವಿಡುವುದು, ಓದಿನ ಮೇಲಿನ ನಿರ್ಬಂಧ. ಕೇಂದ್ರಗಳಲ್ಲಿ ಅಡುಗೆ, ಸ್ವಚ್ಛತೆಗೆ ನಿಂತ 'ಸಹಾಯಕ ನ್ಯೂಮರರಿ' ಮಹಿಳೆಯರ ದೂರಂತೂ ತಳ್ಳಿಹಾಕುವಂಥದ್ದಲ್ಲ. ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಸಿಕೊಂಡರೆಂದು ಅರ್ಜೆಂಟೀನಾದಲ್ಲಿ ದುಡಿದ ನಲವತ್ತಕ್ಕೂ ಹೆಚ್ಚು ಮಹಿಳೆಯರು 2021ರಲ್ಲಿ ವ್ಯಾಟಿಕನ್‌ಗೆ ದೂರಿತ್ತರು. ಸಂಸ್ಥೆ ಆರೋಪಗಳನ್ನು ನಿರಾಕರಿಸಿದೆ. 2022ರಲ್ಲಿ ಪೋಪ್ ಫ್ರಾನ್ಸಿಸ್, ಇದರ ಮುಖ್ಯಸ್ಥರು ಇನ್ನು ಮುಂದೆ ಬಿಷಪರಾಗುವಂತಿಲ್ಲವೆಂದು ಆದೇಶಿಸಿದರು.