ಬೆಳೆದ ಸೀಮೆಯಲ್ಲೇ ಉಳಿಯಲಿ ಧಾನ್ಯ

2023ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರದ ಬಳಿ ಅಕ್ಕಿ ಕೊಳ್ಳಲು ಹಣವಿತ್ತು, ಅಕ್ಕಿ ಸಿಗಲಿಲ್ಲ. ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತ್ತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಬ್ಯಾಂಕ್ ಖಾತೆಗೆ ಬಿತ್ತು. ರಾಗಿ, ಜೋಳ, ಸಾವೆ, ನವಣೆ ಬೆಳೆಯುವ ನಾಡು ತನ್ನ ಬಡವರ ತಟ್ಟೆಗಾಗಿ ದೂರದ ಗೋದಾಮಿನ ಬಾಗಿಲು ಕಾಯಬೇಕೆ? ನಮ್ಮ ಒಣಸೀಮೆಯ ಜನ ಈ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಬಿಡಿಬಿಡಿಯಾಗಿ ಉತ್ತರ ಹುಡುಕುತ್ತಲೇ ಬಂದಿದ್ದಾರೆ.

ಹಗೇವಿನಿಂದ ಸಂಘಕ್ಕೆ

ಎಲ್ಲಕ್ಕಿಂತ ಹಳೆಯದು ಹಗೇವು. ನೆಲ ತೋಡಿ, ಒಳಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಹಗೇವು ಇದ್ದದ್ದು ಹೊಲ ಇದ್ದವರಿಗೆ. ಕೂಲಿಯವರಿಗೆ ಅದರಲ್ಲಿ ಹಕ್ಕಿರಲಿಲ್ಲ. 1876–78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯ ಹಳ್ಳಿಗಳು ಬರಿದಾದವು. ಕಾಳು ಕೂಡಿಡುವುದರ ಜೊತೆಗೆ ಅದರ ಮೇಲೆ ಯಾರಿಗೆ ಹಕ್ಕಿದೆ ಎಂಬುದೂ ಮುಖ್ಯ ಎಂಬ ಪಾಠ ಅಲ್ಲಿದೆ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಾಲದ ಸಹಕಾರ ಸಂಘ ಕಟ್ಟಿದರು. ಬಿತ್ತನೆಗೆ ಮೊದಲೇ ಬೆಳೆಯನ್ನು ಸಾಹುಕಾರನಿಗೆ ಬರೆದುಕೊಡುವ ಪಾಡಿನಿಂದ ರೈತರನ್ನು ಬಿಡಿಸುವುದು ಅದರ ಗುರಿ. ಸಾಲದ ನಂತರದ ಹೆಜ್ಜೆ ಮಾರಾಟ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಸಹಕಾರ ಸಂಘವಾದರು. ಮುಂದೆ ಎಲ್ಲ ಹಣ್ಣು ತರಕಾರಿಗೂ ಹರಡಿಕೊಂಡು ಅದು ಹಾಪ್‌ಕಾಮ್ಸ್ ಆಯಿತು. ರೈತರ ಮಾಲು ನೇರವಾಗಿ ತೂಕವಾಗಿ ನಗರದ ಮಳಿಗೆಗೆ ಬರುವ ದಾರಿ ತೆರೆಯಿತು. ಆದರೂ ಅದು ಕೊಳ್ಳುವ ಶಕ್ತಿ ಇದ್ದವರಿಗಾಗಿ ಆದ ವ್ಯವಸ್ಥೆ. ಹಳ್ಳಿಯ ಹಸಿವಿನ ಪ್ರಶ್ನೆ ಹಾಗೇ ಉಳಿಯಿತು.

ಪಸ್ತಾಪುರದ ಪಡಿತರ

ಆ ಪ್ರಶ್ನೆಗೆ ದಿಟ್ಟ ಉತ್ತರ ಬಂದದ್ದು ಬೀದರ್ ಗಡಿಗೆ ಹತ್ತಿರದ, ಈಗ ತೆಲಂಗಾಣದಲ್ಲಿರುವ ಜಹೀರಾಬಾದ್ ಸೀಮೆಯಿಂದ. ಅಲ್ಲಿನ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು 1983ರಲ್ಲಿ ಕಟ್ಟಿದವರಲ್ಲಿ ಒಬ್ಬರು ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್. ರೇಷನ್ ಅಂಗಡಿಗೆ ಅಕ್ಕಿ ಬಂದಂತೆಲ್ಲ ಅಲ್ಲಿನ ಜೋಳದ ಹೊಲಗಳು ಬೀಳುಬಿದ್ದಿದ್ದವು. 1990ರ ದಶಕದ ನಡುವೆ 30ಕ್ಕೂ ಹೆಚ್ಚು ಹಳ್ಳಿಗಳ ಮಹಿಳಾ ಸಂಘಗಳು, ಹೆಚ್ಚಾಗಿ ದಲಿತ ಹೆಣ್ಣುಮಕ್ಕಳ ಸಂಘಗಳು, ತಮ್ಮದೇ ಪಡಿತರ ವ್ಯವಸ್ಥೆ ಆರಂಭಿಸಿದವು.

ಅದು ನಡೆದ ಬಗೆಯನ್ನು ಹತ್ತಿರದಿಂದ ನೋಡಬೇಕು. ಬೀಳು ಹೊಲ ಉಳಲು ಸಣ್ಣ ರೈತರಿಗೆ ಸಂಘ ಮುಂಗಡ ಕೊಡುತ್ತಿತ್ತು. ಅವರು ಅದನ್ನು ಹಣವಾಗಿ ತೀರಿಸದೆ ಕೆಲವು ವರ್ಷಗಳ ಕಾಲ ಜೋಳವಾಗಿ ಅಳೆದು ಕೊಡುತ್ತಿದ್ದರು. ಆ ಜೋಳ ಊರಲ್ಲೇ ದಾಸ್ತಾನಾಗಿ, ಕೆಲಸ ಸಿಗದ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಬಡವರ ಮನೆ ಸೇರುತ್ತಿತ್ತು. ಯಾವ ಮನೆ ಕಡುಬಡವರದ್ದು, ಯಾರಿಗೆ ಹೆಚ್ಚು ಪಾಲು ಎಂಬುದನ್ನು ಊರವರೇ ಕೂತು ತೀರ್ಮಾನಿಸುತ್ತಿದ್ದರು. ಮಣ್ಣು ಸಗಣಿ ಸಾರಿಸಿದ ಬುಟ್ಟಿಗಳಲ್ಲಿ ಬೂದಿ, ಬೇವಿನ ಎಲೆ ಬೆರೆಸಿ ಬೀಜವನ್ನೂ ಕಾಯ್ದರು. ಸಾಲ, ಬೀಜ, ದಾಸ್ತಾನು, ಹಂಚಿಕೆ ನಾಲ್ಕೂ ಒಂದೇ ಕೈಗೆ ಬಂದವು. ಸಮುದಾಯದ ಆಹಾರ ಕೇಂದ್ರ ಎಂದರೆ ನನ್ನ ಮಟ್ಟಿಗೆ ಇದೇ.

ನಡುವೆ ಕಳಚಿದ ಕೊಂಡಿ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿ, ಗೋಧಿಯ ಜೊತೆ ಒರಟು ಧಾನ್ಯಗಳನ್ನೂ ಪಡಿತರಕ್ಕೆ ಸೇರಿಸಿತು. ಕರ್ನಾಟಕ ಬೆಂಬಲ ಬೆಲೆಗೆ ರಾಗಿ, ಜೋಳ ಕೊಂಡು ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳ ಹಂಚತೊಡಗಿತು. ಇದು ಒಳ್ಳೆಯ ತಿರುವು. ಆದರೆ ಸಾವೆ, ನವಣೆ, ಊದಲು, ಹಾರಕ ಈ ಭಾಗ್ಯದಿಂದ ಹೊರಗುಳಿದವು. ರಾಗಿ, ಜೋಳವನ್ನು ನೇರ ಬೀಸಬಹುದು. ಇವುಗಳ ಸಿಪ್ಪೆ ಬಿಡಿಸಲೇಬೇಕು. ಮೊದಲು ಆ ದುಡಿಮೆಯೆಲ್ಲ ಒನಕೆ ಹಿಡಿದ ಹೆಂಗಸರ ರಟ್ಟೆಯ ಮೇಲಿತ್ತು. ಪೇಟೆಪೇಟೆಗೂ ಅಕ್ಕಿ ಗಿರಣಿ ಬಂತು, ಸಿರಿಧಾನ್ಯಕ್ಕೆ ಯಂತ್ರ ಬರಲಿಲ್ಲ. ರುಚಿಯಿದ್ದೂ ಸಾವೆ ಅನ್ನ ಮನೆಗಳಿಂದ ಮರೆಯಾಗಲು ಇದು ದೊಡ್ಡ ಕಾರಣ.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಕೈ ಹಾಕಿದ್ದು ಇಲ್ಲಿಗೇ. ‘ಸಹಜ ಸಮೃದ್ಧ’ ಸಂಸ್ಥೆಯ ಬೆಂಬಲದಿಂದ ಬೀಜ ಬ್ಯಾಂಕ್ ಕಟ್ಟಿದರು, ಊರಲ್ಲೇ ಸಿರಿಧಾನ್ಯ ಸಂಸ್ಕರಣಾ ಘಟಕ ನಡೆಸಿದರು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ 2019ರಲ್ಲಿ ಪಸ್ತಾಪುರಕ್ಕೆ ಬಂದಿತ್ತು; 2025ರಲ್ಲಿ ತೀರ್ಥಕ್ಕೆ ಬಂತು.

ಇನ್ನು ಮುಂದೆ

ಈ ಹಾದಿಯಲ್ಲಿ ಒಂದೊಂದು ಕಾಲ ಒಂದೊಂದು ತುಂಡನ್ನು ಗಟ್ಟಿ ಮಾಡಿದೆ. ಕಣಗಿನಹಾಳ ಸಾಲವನ್ನು, ಹಾಪ್‌ಕಾಮ್ಸ್ ಮಾರಾಟವನ್ನು, ಪಸ್ತಾಪುರ ಹಂಚಿಕೆಯನ್ನು, ತೀರ್ಥ ಸಂಸ್ಕರಣೆಯನ್ನು. ಇವನ್ನೆಲ್ಲ ಒಂದೇ ಸೂರಿನಡಿ ತರುವುದು ಈಗಿನ ಕೆಲಸ. ಪ್ರತಿ ಹೋಬಳಿಗೊಂದು ದಾಸ್ತಾನು ಕೋಣೆ, ಸಿಪ್ಪೆ ತೆಗೆಯುವ ಯಂತ್ರ, ಬೀಜ ಬ್ಯಾಂಕ್ ಇರಲಿ; ನಡೆಸುವ ಹೊಣೆ ಮಹಿಳಾ ಸಂಘಗಳಿಗೆ, ರೈತ ಉತ್ಪಾದಕ ಸಂಸ್ಥೆಗಳಿಗೆ ಸೇರಲಿ. ಪ್ರಶಸ್ತಿ ಮತ್ತು ಮೇಳಗಳ ಬಲದಿಂದಷ್ಟೇ ಇವು ಬದುಕಲಾರವು. ವರ್ಷವಿಡೀ ಕೊಳ್ಳುವ ಗಿರಾಕಿ ಬೇಕು. ಆ ಗಿರಾಕಿ ನಮ್ಮ ಕಣ್ಣೆದುರೇ ಇದ್ದಾನೆ: ಅಂಗನವಾಡಿ, ಶಾಲೆಯ ಬಿಸಿಯೂಟ, ಹಾಸ್ಟೆಲ್, ನ್ಯಾಯಬೆಲೆ ಅಂಗಡಿ. ಇವುಗಳ ಅಗತ್ಯದಲ್ಲಿ ಒಂದು ಪಾಲನ್ನು ಆಯಾ ತಾಲ್ಲೂಕಿನ ಇಂಥ ಕೇಂದ್ರಗಳಿಂದಲೇ ಕೊಳ್ಳಬೇಕೆಂದು ಸರ್ಕಾರ ನಿಯಮ ಮಾಡಿದರೆ ರೈತರಿಗೆ ಬೆಲೆಯ ಭರವಸೆ, ಮಗುವಿಗೆ ಪೌಷ್ಟಿಕ ಊಟ ಎರಡೂ ಒಟ್ಟಿಗೆ ಸಿಗುತ್ತವೆ. ಅಕ್ಕಿಗಾಗಿ ದೆಹಲಿಯ ಕಡೆ ನೋಡುವ ಅನಿವಾರ್ಯವೂ ಅಷ್ಟರ ಮಟ್ಟಿಗೆ ತಗ್ಗುತ್ತದೆ.